‘ಅಲ್ಲಿ ಎಷ್ಟದ?’: ಮೊಬೈಲ್ ಬೆಲೆಯ ಲೆಕ್ಕ, ಸ್ಟುಟ್‌ಗಾರ್ಟಿನಿಂದ ಕಲಬುರಗಿಗೆ

ನಾನು ರಜೆಗೆ ಊರಿಗೆ ಹೊರಡುವ ಕಾಲ ಹತ್ತಿರವಾದಂತೆ ಕಲಬುರಗಿಯಿಂದ ಬರುವ ಕರೆಗಳು ಹೆಚ್ಚುತ್ತವೆ. ಅವುಗಳಲ್ಲಿ ಬಹುಪಾಲು, ಮಳೆ-ಬೆಳೆ, ಮನೆಮಂದಿಯ ಆರೋಗ್ಯ ಎಲ್ಲ ವಿಚಾರಿಸಿದ ಮೇಲೆ, ‘ಈ ಮೊಬೈಲ್ ಅಲ್ಲಿ ಎಷ್ಟದ?’ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಫಾರಿನ್ ಮಾಲು ಅಗ್ಗವೂ ಹೌದು, ಅಸಲಿಯೂ ಹೌದು ಎಂಬ ನಂಬಿಕೆ ನಮ್ಮ ಭಾಗದಲ್ಲಿ ಹಳೆಯದು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಟೇಪ್ ರೆಕಾರ್ಡರು, ಕೈಗಡಿಯಾರ ಹೊತ್ತು ತರುತ್ತಿದ್ದ ಕಾಲದಲ್ಲಿ ಆ ನಂಬಿಕೆಗೆ ಆಧಾರವೂ ಇತ್ತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನೆಲೆಸಿರುವ ನನಗೆ ಈಗ ಆ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲು ಆಗುವುದಿಲ್ಲ. ಫೋನಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡುವುದು ಹೋಲಿಕೆಯ ಅತಿ ಸುಲಭದ ಭಾಗ. ಆ ಫೋನು ಎಲ್ಲಿ ಬಾಳಬೇಕು, ಕೆಟ್ಟರೆ ಯಾರ ಕೈಗೆ ಹೋಗಬೇಕು ಎಂಬುದನ್ನು ಬಿಟ್ಟು ಮಾಡಿದ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದರೂ ಬೆಲೆಯಿಂದಲೇ ಆರಂಭಿಸೋಣ. 2024ರ ಸೆಪ್ಟೆಂಬರಿನಲ್ಲಿ ಐಫೋನ್ 16 ಬಿಡುಗಡೆಯಾದಾಗ 128 ಜಿಬಿಯ ಮಾದರಿಗೆ ಭಾರತದಲ್ಲಿ 79,900 ರೂಪಾಯಿ, ಜರ್ಮನಿಯಲ್ಲಿ 949 ಯೂರೋ, ದುಬೈಯಲ್ಲಿ 3,399 ದಿರ್ಹಮ್, ಅಮೆರಿಕದಲ್ಲಿ 799 ಡಾಲರ್ ಬೆಲೆ ಇತ್ತು. ಆಗಿನ ವಿನಿಮಯ ದರದಲ್ಲಿ ಜರ್ಮನಿಯ ಬೆಲೆ ಸುಮಾರು 88,000 ರೂಪಾಯಿ, ದುಬೈಯದು 77,500ರ ಆಸುಪಾಸು, ಅಮೆರಿಕದ್ದು 67,000. ಅಂದರೆ ನಾನು ಸ್ಟುಟ್‌ಗಾರ್ಟಿನಿಂದ ಕೊಂಡು ತಂದಿದ್ದರೆ ಕಲಬುರಗಿಯ ಅಂಗಡಿಗಿಂತ ಎಂಟು ಸಾವಿರ ಹೆಚ್ಚು ತೆತ್ತಂತಾಗುತ್ತಿತ್ತು. ಅಮೆರಿಕದ ಅಂಕಿಯೂ ಪೂರ್ತಿಯಲ್ಲ, ಏಕೆಂದರೆ ಅಲ್ಲಿ ಬೆಲೆಪಟ್ಟಿಯ ಮೇಲೆ ತೆರಿಗೆ ಸೇರಿರುವುದಿಲ್ಲ. ಡಲ್ಲಾಸ್ ನಗರದಲ್ಲಿ ಕೊಂಡರೆ ಶೇ 8.25 ಮಾರಾಟ ತೆರಿಗೆ ಸೇರಿ ಅದು 72,500ಕ್ಕೆ ಏರುತ್ತದೆ. ಜರ್ಮನಿಯ ಬೆಲೆಯಲ್ಲಿ ಶೇ 19, ಭಾರತದ ಬೆಲೆಯಲ್ಲಿ ಶೇ 18, ದುಬೈಯದರಲ್ಲಿ ಶೇ 5 ತೆರಿಗೆ ಮೊದಲೇ ಅಡಗಿರುತ್ತದೆ. ಭಾರತದ ಶೇ 18 ಕೂಡ 2020ರ ಏಪ್ರಿಲಿನಿಂದ ಬಂದದ್ದು. ಅದಕ್ಕೂ ಮೊದಲು ಮೊಬೈಲಿನ ಜಿಎಸ್‌ಟಿ ಶೇ 12 ಇತ್ತು.

ಅದೇ ವರ್ಷದ ಐಫೋನ್ 16 ಪ್ರೊ ಮಾದರಿಯ ಲೆಕ್ಕ ಮಾತ್ರ ಬೇರೆ. ಭಾರತದಲ್ಲಿ 1,19,900 ರೂಪಾಯಿ ಇದ್ದ ಅದು ದುಬೈಯಲ್ಲಿ 4,299 ದಿರ್ಹಮ್‌ಗೆ, ಎಂದರೆ ಸುಮಾರು 98,000 ರೂಪಾಯಿಗೆ ಸಿಗುತ್ತಿತ್ತು. ಇಷ್ಟು ಅಂತರವಿದ್ದಾಗ ದುಬೈಯಲ್ಲಿರುವ ಸಂಬಂಧಿಕರಿಗೆ ಹೇಳಿ ತರಿಸುವುದು ಸಹಜವೇ. ಆದರೆ ಸೀಲ್ ಒಡೆಯದ ಬಾಕ್ಸಿನೊಂದಿಗೆ ವಿಮಾನ ಇಳಿಯುವವರು ಕಸ್ಟಮ್ಸ್ ಲೆಕ್ಕವನ್ನೂ ಇಟ್ಟುಕೊಳ್ಳಬೇಕು: 2016ರ ಬ್ಯಾಗೇಜ್ ನಿಯಮಗಳು ಇಂಥ ವಸ್ತುಗಳಿಗೆ 50,000 ರೂಪಾಯಿಯ ಮಿತಿ ಹಾಕಿದ್ದವು, ಅದರ ಮೇಲಿನ ಮೊತ್ತಕ್ಕೆ ಎಲ್ಲ ಸೇರಿ ಶೇ 38.5 ಸುಂಕ ಬೀಳುತ್ತಿತ್ತು. ಈ ಮಿತಿ ಮತ್ತು ದರಗಳು ಬದಲಾಗುವಂಥವಾದ್ದರಿಂದ ಹೊರಡುವ ಮುನ್ನ ನೋಡಿಕೊಳ್ಳುವುದು ಲೇಸು. ‘ಯಾರೂ ಕೇಳಂಗಿಲ್ಲ ತಗೋರಿ’ ಎಂಬ ಭರವಸೆ ಕೊಡುವವರು ಸಾಮಾನ್ಯವಾಗಿ ಸಾಲಿನಲ್ಲಿ ನಮ್ಮ ಜೊತೆ ನಿಂತಿರುವುದಿಲ್ಲ.

ಲಕ್ಷದ ಫೋನಿನ ಮಾತು ಇಷ್ಟೇ ಸಾಕು, ಏಕೆಂದರೆ ನನ್ನನ್ನು ಕೇಳುವವರಲ್ಲಿ ಹೆಚ್ಚಿನವರು ಅದನ್ನು ಕೊಳ್ಳುವವರಲ್ಲ. ನಮ್ಮ ಅಕ್ಕನ ಮನೆ ಆಳಂದ ತಾಲ್ಲೂಕಿನಲ್ಲಿದೆ. ಅವಳ ಮಗ ಕಲಬುರಗಿಯಲ್ಲಿ ಓದುತ್ತಾನೆ, ಅವನ ಬಜೆಟ್ಟು ಹದಿನಾರು ಸಾವಿರ. ತೊಗರಿಯ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಇರುವುದರಿಂದ ಅದು ಎರಡು ಕ್ವಿಂಟಲ್ ತೊಗರಿಯ ಹಣ. ಈ ಬೆಲೆಯ ಫೋನುಗಳ ವಿಷಯದಲ್ಲಿ ಜರ್ಮನಿಯ ಅಂಗಡಿ ಕಲಬುರಗಿಯ ಅಂಗಡಿಗೆ ಸರಿಗಟ್ಟಲಾರದು. ಭಾರತದ ಮಾರುಕಟ್ಟೆಯ ಮುಖ್ಯ ಕಾಳಗವೇ ಹತ್ತರಿಂದ ಇಪ್ಪತ್ತು ಸಾವಿರದ ನಡುವೆ ನಡೆಯುವುದರಿಂದ ದೊಡ್ಡ ಬ್ಯಾಟರಿ, ಬೇಗ ಚಾರ್ಜ್ ಆಗುವ ಸೌಲಭ್ಯ, ಎರಡು ಸಿಮ್, ಬಾಕ್ಸಿನಲ್ಲೇ ಚಾರ್ಜರು ಇವೆಲ್ಲ ಜರ್ಮನಿಗಿಂತ ಭಾರತದಲ್ಲಿ ಸುಲಭವಾಗಿ ಸಿಗುತ್ತವೆ. ಮೇಲಿನ ಬೆಲೆಯಲ್ಲೂ ಕೆಲವೊಮ್ಮೆ ಹೀಗೇ ಆಗುತ್ತದೆ: 2025ರಲ್ಲಿ ಬಂದ, ನಥಿಂಗ್ ಎಂಬ ಕಂಪನಿಯ ಫೋನ್ 3ರ ಭಾರತದ ಮಾದರಿಯಲ್ಲಿ 5,500 ಎಂಎಎಚ್ ಬ್ಯಾಟರಿ ಇದ್ದರೆ ಹೊರದೇಶಗಳ ಮಾದರಿಯಲ್ಲಿ 5,150 ಮಾತ್ರ ಇದೆ. ಫಾರಿನ್ ಪೀಸೇ ಮೇಲು ಎನ್ನುವವರಿಗೆ ನಾನು ಈ ಎರಡು ಅಂಕಿಗಳನ್ನು ತೋರಿಸುತ್ತೇನೆ.

ಹೆಸರು ಒಂದೇ ಆದರೂ ಒಳಗಿನ ಸಾಮಗ್ರಿ ದೇಶದಿಂದ ದೇಶಕ್ಕೆ ಬದಲಾಗುವುದು ಹೊಸದೇನಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಮೆರಿಕದಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನೊಂದಿಗೆ, ಯುರೋಪು ಮತ್ತು ಭಾರತದಲ್ಲಿ ಎಕ್ಸಿನೋಸ್ ಚಿಪ್ಪಿನೊಂದಿಗೆ ಮಾರಾಟವಾಯಿತು. ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ 2022ರ ಐಫೋನ್ 14ರಿಂದ ಸಿಮ್ ಹಾಕುವ ಟ್ರೇ ಇಲ್ಲ, ಎಲ್ಲವೂ ತೆಗೆದು ಹಾಕಲಾಗದ, ಫೋನಿನೊಳಗೇ ಅಡಗಿರುವ ಇ-ಸಿಮ್. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರರಿಗೆ ಇದರಿಂದ ತೊಂದರೆ ಇಲ್ಲದಿರಬಹುದು. ಆದರೆ ಹೊಲದಲ್ಲಿ ಫೋನಿನ ಚಾರ್ಜ್ ಮುಗಿದಾಗ ಸಿಮ್ ತೆಗೆದು ಹಳೆಯ ಬಟನ್ ಸೆಟ್ಟಿಗೆ ಹಾಕಿಕೊಂಡು ಮಾತು ಮುಂದುವರಿಸುವ ನಮ್ಮ ಮಾವನಂಥವರಿಗೆ ಆ ಟ್ರೇ ಬಹಳ ದೊಡ್ಡ ಸೌಲಭ್ಯ, ಮತ್ತು ಅದನ್ನು ಯಾವ ಹೋಲಿಕೆಯ ಪಟ್ಟಿಯೂ ಸೌಲಭ್ಯವೆಂದು ಎಣಿಸುವುದಿಲ್ಲ. ಅಮೆರಿಕದಲ್ಲಿ ಮೊಬೈಲ್ ಕಂಪನಿಯ ಯೋಜನೆಯಡಿ ಕೊಂಡ ಫೋನು ಆ ಕಂಪನಿಯ ಸಿಮ್ಮಿಗೇ ಲಾಕ್ ಆಗಿರುವ ಸಾಧ್ಯತೆಯೂ ಉಂಟು. ಕನ್ನಡದ ಕೀಲಿಮಣೆಯ ಚಿಂತೆ ಮಾತ್ರ ಈಗ ಬೇಡ. ಆಂಡ್ರಾಯ್ಡಿನಲ್ಲಿ ಅದು ಯಾವ ದೇಶದ ಸೆಟ್ಟಿನಲ್ಲೂ ಸಿಗುತ್ತದೆ, ಐಫೋನಿಗೂ 2017ರಲ್ಲೇ ಬಂದಿದೆ.

ಇನ್ನು ಹಣ ಕಟ್ಟುವ ಕ್ರಮ. ಜರ್ಮನಿಯಲ್ಲಿ ಬಹಳ ಜನ ಫೋನನ್ನು ಎರಡು ವರ್ಷದ ಒಪ್ಪಂದದೊಂದಿಗೆ ಪಡೆಯುತ್ತಾರೆ. ಅಂಗಡಿಯ ಗಾಜಿನ ಮೇಲೆ ‘1 ಯೂರೋ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಅದರ ಕೆಳಗೆ ತಿಂಗಳ ಕಂತು ಸಣ್ಣಕ್ಷರದಲ್ಲಿ ಇರುತ್ತದೆ. ಉದಾಹರಣೆಗೆ ಬರೀ ಸಿಮ್ಮಿಗೆ ತಿಂಗಳಿಗೆ 15 ಯೂರೋ ಇರುವಾಗ ಫೋನ್ ಸಮೇತ 45 ಯೂರೋ ಎಂದರೆ, ಇಪ್ಪತ್ನಾಲ್ಕು ತಿಂಗಳಲ್ಲಿ ಫೋನಿಗಾಗಿಯೇ 720 ಯೂರೋ ಹೋಗುತ್ತದೆ. ಅದೇ ಫೋನು ಪಕ್ಕದ ಅಂಗಡಿಯಲ್ಲಿ ನಗದಿಗೆ 600ಕ್ಕೆ ಸಿಗುತ್ತಿದ್ದರೆ ಆ ಒಂದು ಯೂರೋ ಯಾರಿಗೆ ಲಾಭವೆಂದು ಹೇಳಬೇಕಾಗಿಲ್ಲ. ಕಲಬುರಗಿಯಲ್ಲಿ ಇದೇ ಕೆಲಸವನ್ನು ‘ನೋ ಕಾಸ್ಟ್ ಇಎಂಐ’ ಮಾಡುತ್ತದೆ. ಬಡ್ಡಿ ಇಲ್ಲವೆನ್ನುತ್ತಾರೆ, ಪ್ರೊಸೆಸಿಂಗ್ ಫೀ ಇರುತ್ತದೆ, ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿ ಬೀಳುತ್ತದೆ, ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ತಪ್ಪುತ್ತದೆ. ತಿಂಗಳ ಸಂಬಳದವರು ಇದನ್ನು ಹೇಗೋ ಸರಿತೂಗಿಸಿಕೊಳ್ಳುತ್ತಾರೆ. ತೊಗರಿಯ ರಾಶಿ ಡಿಸೆಂಬರ್-ಜನವರಿಯಲ್ಲಿ ಆಗಿ ವರ್ಷದ ಹಣ ಒಮ್ಮೆಗೇ ಕೈಗೆ ಬರುವ ಮನೆಗೆ ತಿಂಗಳ ಕಂತು ಎಂಬುದೇ ಹೊಂದದ ಲೆಕ್ಕ. ರಾಶಿಯ ಹಣ ಬಂದ ಮೇಲೆ ನಗದು ಕೊಟ್ಟು ಚೌಕಾಸಿ ಮಾಡಿ ಕೊಳ್ಳುವುದೇ ಅವರಿಗೆ ಮೇಲು. ಬಾಕ್ಸಿನ ಮೇಲೆ ಎಂಆರ್‌ಪಿ ಅಚ್ಚಾಗಿದ್ದರೂ ಅಷ್ಟಕ್ಕೇ ಕೊಂಡವರು ಕಡಿಮೆ. ಗ್ಲಾಸು, ಕವರು ಮೇಲೆ ಹಾಕಿಕೊಡಬೇಕು, ಹಳೆಯ ಫೋನಿನ ನಂಬರು-ಫೋಟೋಗಳನ್ನೆಲ್ಲ ಹೊಸದಕ್ಕೆ ಅಂಗಡಿಯ ಹುಡುಗನೇ ಹಾಕಿಕೊಡಬೇಕು. ಸ್ಟುಟ್‌ಗಾರ್ಟಿನಲ್ಲಿ ಇವ್ಯಾವುವೂ ಬೆಲೆಯೊಳಗೆ ಬರುವುದಿಲ್ಲ.

ಹಾಗಾದರೆ ಜರ್ಮನಿಯ ಕ್ರಮದಲ್ಲಿ ಮೆಚ್ಚಬೇಕಾದದ್ದು ಯಾವುದು ಎಂದರೆ, ಮಾರಿದವನು ಮಾರಿದ ಮೇಲೂ ಹೊಣೆಗಾರನಾಗಿರುವುದು. ಹೊಸ ವಸ್ತುವಿನ ದೋಷಕ್ಕೆ ಎರಡು ವರ್ಷದವರೆಗೆ ಕಾನೂನಿನ ಪ್ರಕಾರ ಅಂಗಡಿಯವನೇ ಉತ್ತರ ಹೇಳಬೇಕು. ಮೊದಲ ಒಂದು ವರ್ಷದಲ್ಲಿ ದೋಷ ಕಂಡರೆ ಅದು ಮಾರುವಾಗ ಇರಲಿಲ್ಲವೆಂದು ಸಾಧಿಸುವ ಭಾರವೂ ಅವನದೇ. ಆನ್‌ಲೈನಿನಲ್ಲಿ ಕೊಂಡಿದ್ದರೆ ಹದಿನಾಲ್ಕು ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸಬಹುದು. ಊರಿನಲ್ಲಿ ವಾರಂಟಿ ಎಂದರೆ ಬಹುಮಟ್ಟಿಗೆ ತಯಾರಕರು ಕೊಡುವ ಒಂದು ವರ್ಷ, ಅಂಗಡಿಯವರ ಮಾತು ‘ಸರ್ವಿಸ್ ಸೆಂಟರಿಗೆ ಹೋಗ್ರಿ’ ಎಂಬಲ್ಲಿಗೆ ಮುಗಿಯುತ್ತದೆ. ಆ ಸರ್ವಿಸ್ ಸೆಂಟರು ಕಲಬುರಗಿಯಲ್ಲೇ ಇದ್ದರೆ ಸರಿ. ಇಲ್ಲವಾದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಾಗುತ್ತದೆ. ಹೊರದೇಶದಿಂದ ತಂದ ಫೋನಾದರೆ ವಾರಂಟಿಯನ್ನು ಭಾರತದಲ್ಲಿ ಒಪ್ಪುತ್ತಾರೋ ಇಲ್ಲವೋ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ, ಮತ್ತು ನನ್ನ ಎರಡು ವರ್ಷದ ಜರ್ಮನ್ ಹಕ್ಕು ಸ್ಟುಟ್‌ಗಾರ್ಟಿನ ಅಂಗಡಿಯವನ ಮುಂದೆ ನಿಂತರೆ ಮಾತ್ರ ಹಕ್ಕು, ಆಳಂದದಲ್ಲಿ ಅದು ಬರೀ ಜರ್ಮನ್ ಭಾಷೆಯ ರಸೀದಿ.

ಆದರೆ ವಾರಂಟಿ ಮುಗಿದ ಮೇಲೆ ತಕ್ಕಡಿ ಊರಿನ ಕಡೆಗೇ ವಾಲುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ರಿಪೇರಿ ಅಂಗಡಿಯಲ್ಲಿ ಅಳಿಯನ ಹಳೆಯ ಫೋನು ತೆರೆಯುವುದನ್ನು ನಾನು ಎದುರಿಗೇ ಕೂತು ನೋಡಿದ್ದೇನೆ. ಹುಡುಗನು ಬಿಸಿಗಾಳಿ ಬಿಟ್ಟು ಅಂಟು ಸಡಿಲಿಸಿ, ತೆಳು ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿಗೆ ತೂರಿಸಿ ಸುತ್ತ ಒಂದು ಸಲ ಎಳೆದು, ಕೂದಲೆಳೆಯಷ್ಟು ಸಣ್ಣ ಸ್ಕ್ರೂಗಳನ್ನು ಅಯಸ್ಕಾಂತದ ಮ್ಯಾಟಿನ ಮೇಲೆ ತೆಗೆದ ಕ್ರಮದಲ್ಲೇ ಇಟ್ಟುಕೊಳ್ಳುತ್ತ, ‘ಫೋಲ್ಡರ್ ಹೋಗ್ಯಾದ್ರೀ. ಒರಿಜಿನಲ್ ಹಾಕ್ಲೋ, ಕಾಪಿ ಹಾಕ್ಲೋ?’ ಎಂದು ಕೇಳಿದ. ಫೋಲ್ಡರ್ ಎಂದರೆ ಅವರ ಭಾಷೆಯಲ್ಲಿ ಗಾಜು ಸಮೇತದ ಪರದೆ. ಎರಡರ ಬೆಲೆಯನ್ನೂ ಹೇಳಿದ, ಕಾಪಿ ಹಾಕಿದರೆ ಬಿಸಿಲಿನಲ್ಲಿ ಪರದೆ ಮಂಕಾಗಿ ಕಾಣುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೆಲಸ ನಮ್ಮ ಕಣ್ಣೆದುರೇ ಮುಗಿಯಿತು. ಜರ್ಮನಿಯಲ್ಲಿ ಇಂಥ ಕೈಗಳು ಇಲ್ಲವೆಂದಲ್ಲ, ಆದರೆ ಅಲ್ಲಿನ ಕೂಲಿಯ ದರದಲ್ಲಿ ಹಳೆಯ ಫೋನಿಗೆ ಪರದೆ ಬದಲಿಸುವುದು ಬಹಳ ಸಲ ಫೋನಿನ ಬೆಲೆಯ ಹತ್ತಿರಕ್ಕೇ ಬರುತ್ತದೆ. ಈ ಹುಡುಗನ ಹತ್ತಿರ ಬಿಡಿಭಾಗ ಸಿಗುವುದು ಭಾರತದಲ್ಲಿ ಮಾರಾಟವಾಗುವ ಮಾದರಿಗಳಿಗೆ ಮಾತ್ರ ಎಂಬುದನ್ನು ಫಾರಿನ್ ಪೀಸ್ ಬೇಕೆನ್ನುವವರು ಮರೆಯಬಾರದು.

ಇನ್ನೊಂದು ಸಂಗತಿ ಬೆಲೆಗಿಂತಲೂ ಮುಖ್ಯವೆಂದು ನನಗೆ ಅನಿಸುತ್ತದೆ, ಅದು ಬಿಸಿಲು. ಐಫೋನನ್ನು ಬಳಸಬೇಕಾದ ವಾತಾವರಣದ ಉಷ್ಣಾಂಶ 0ಯಿಂದ 35 ಡಿಗ್ರಿ ಎಂದು ಆ ಕಂಪನಿಯೇ ಹೇಳುತ್ತದೆ. ಸ್ಟುಟ್‌ಗಾರ್ಟಿನಲ್ಲಿ ವರ್ಷದ ಬಹುಪಾಲು ದಿನ ಆ ಮಿತಿಯೊಳಗೇ ಕಳೆಯುತ್ತದೆ. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲು ಮಾತು, ತಗಡು ಹೊದಿಸಿದ ಪತ್ರಾಸ್ ಮನೆಯೊಳಗೆ ಅದಕ್ಕೂ ಹೆಚ್ಚು. ಅಂಥ ಹೊತ್ತಿನಲ್ಲಿ ಫೋನು ಪರದೆಯ ಬೆಳಕನ್ನು ತಾನಾಗಿ ತಗ್ಗಿಸಿಕೊಳ್ಳುತ್ತದೆ, ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ, ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ ದಾರಿ ನೋಡುತ್ತಿದ್ದರೆ ಬಿಸಿಯೇರಿದೆ ಎಂಬ ಎಚ್ಚರಿಕೆ ತೋರಿಸಿ ಸುಮ್ಮನಾಗುತ್ತದೆ. ಲಿಥಿಯಂ ಬ್ಯಾಟರಿ ಬಿಸಿಯಲ್ಲಿ ಬೇಗ ಸವೆಯುತ್ತದೆ ಎಂಬುದು ಬೇರೆ. ಹೀಗಿರುವಾಗ ನಮ್ಮ ಹುಡುಗರು ಅಂಗಡಿಯಲ್ಲಿ ಕೇಳುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು. 108 ಮೆಗಾಪಿಕ್ಸೆಲ್ಲಿನ ಕ್ಯಾಮೆರಾ ಇದ್ದೂ ಬಿಸಿಲಿನಲ್ಲಿ ಪರದೆ ಕಾಣದಿದ್ದರೆ ಶರಣಬಸವೇಶ್ವರ ಜಾತ್ರೆಯ ರಥೋತ್ಸವದ ಫೋಟೋವನ್ನು ಅಂದಾಜಿನ ಮೇಲೆ ಒತ್ತಬೇಕಾಗುತ್ತದೆ. ಆದ್ದರಿಂದ ಅಳಿಯನಿಗೆ ನಾನು ಹೇಳಿದ್ದು ಇಷ್ಟೇ: ಅಂಗಡಿಯ ಎಸಿಯೊಳಗೆ ನಿಂತು ನೋಡಬೇಡ, ಸೆಟ್ಟನ್ನು ಬಾಗಿಲ ಹೊರಗೆ ಬಿಸಿಲಿಗೆ ತಂದು ಪರದೆ ನೋಡು, ಐದು ನಿಮಿಷ ವಿಡಿಯೋ ತೆಗೆದು ಬೆನ್ನು ಮುಟ್ಟು, ಆಮೇಲೆ ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಕೇಳು. ದುಬಾರಿ ಫೋನುಗಳಲ್ಲಿ ಗೂಗಲ್ ಕಂಪನಿಯ ಪಿಕ್ಸೆಲ್ 8 ಮತ್ತು ಗ್ಯಾಲಕ್ಸಿ ಎಸ್24 ಏಳು ವರ್ಷದ ಮಾತು ಕೊಟ್ಟಿವೆ. ಹದಿನಾರು ಸಾವಿರದ ಫೋನುಗಳಲ್ಲಿ ಈ ಅವಧಿ ಕಂಪನಿಯಿಂದ ಕಂಪನಿಗೆ ಬಹಳ ವ್ಯತ್ಯಾಸವಾಗುತ್ತದೆ, ಕೇಳದೆ ಯಾರೂ ಹೇಳುವುದಿಲ್ಲ.

ಕೇಳದೆಯೂ ತಿಳಿಯುವಂಥ ಒಂದು ವ್ಯವಸ್ಥೆ ಯುರೋಪಿನಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದಿದೆ. ಮಾರುವ ಪ್ರತಿ ಹೊಸ ಮೊಬೈಲ್ ಮಾದರಿಗೂ, ಫ್ರಿಜ್ಜಿಗೆ ಇರುವಂತೆ, ಒಂದು ಚೀಟಿ ಇರಬೇಕು. ಒಂದು ಚಾರ್ಜಿಗೆ ಎಷ್ಟು ಗಂಟೆ ಬರುತ್ತದೆ, ಬ್ಯಾಟರಿ ಎಷ್ಟು ಸಲದ ಚಾರ್ಜ್ ತಾಳುತ್ತದೆ, ಪದೇಪದೇ ಬಿದ್ದರೆ ಹೇಗೆ, ರಿಪೇರಿ ಎಷ್ಟು ಸುಲಭ ಎಂಬುದೆಲ್ಲ ಅಕ್ಷರ-ಅಂಕಿಗಳಲ್ಲಿ ಅದರ ಮೇಲೆ ಇರುತ್ತದೆ. ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇ 80ರಷ್ಟು ಶಕ್ತಿ ಉಳಿಸಿಕೊಂಡಿರಬೇಕು, ಮುಖ್ಯ ಬಿಡಿಭಾಗಗಳು ಮಾದರಿಯ ಮಾರಾಟ ನಿಂತ ಮೇಲೂ ಏಳು ವರ್ಷ ಸಿಗಬೇಕು ಎಂಬ ಕಡ್ಡಾಯವೂ ಜೊತೆಗಿದೆ. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆಯೂ ರಿಪೇರಿಯ ಸುಲಭತೆಗೆ ಅಂಕ ಕೊಡುವ ಸೂಚ್ಯಂಕಕ್ಕಾಗಿ 2024ರಲ್ಲಿ ಸಮಿತಿ ನೇಮಿಸಿತು, 2025ರ ಮೇ ತಿಂಗಳಲ್ಲಿ ಅದರ ವರದಿ ಬಂದಿದೆ. ಅದು ಬಾಕ್ಸಿನ ಮೇಲಿನ ಚೀಟಿಯಾಗಿ ಅಂಗಡಿಗೆ ಬರುವುದಾದರೆ, ಯುರೋಪಿನ ಚೀಟಿಯನ್ನು ಇದ್ದಂತೆಯೇ ನಕಲು ಮಾಡಬಾರದೆಂದು ನಾನು ಕೇಳಿಕೊಳ್ಳುತ್ತೇನೆ. 42 ಡಿಗ್ರಿ ಬಿಸಿಲಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಚಾರ್ಜ್ ಆಗುವುದು ಯಾವ ಡಿಗ್ರಿಗೆ ನಿಲ್ಲುತ್ತದೆ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಬೇಕು. ಮತ್ತು ಆ ಪರೀಕ್ಷೆಯನ್ನು ಬೇಸಿಗೆಯಲ್ಲಿ, ಬೆಂಗಳೂರಿನ ಎಸಿ ಕೋಣೆಯ ಬದಲು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮಾಡಲಿ.