ಕಾಕುಮಾದವರಿಗೂ ದುಡಿಯಲು ಬಿಡಿ

ನಾನು ಪಿರಿಯಾಪಟ್ಟಣ ತಾಲ್ಲೂಕಿನವನು. ಈಗಿರುವುದು ಕೆನ್ಯಾದ ವಾಯವ್ಯ ಮೂಲೆಯ ಕಾಕುಮಾದಲ್ಲಿ. ನಿರಾಶ್ರಿತರ ಕ್ಯಾಂಪಿಗೆ ನೀರು ಒದಗಿಸುವ ಕೆಲಸ. ಇಲ್ಲಿ ನನಗೆ ನಮ್ಮ ಪಕ್ಕದ, ಟಿಬೆಟ್ ನಿರಾಶ್ರಿತರ ಬೈಲುಕುಪ್ಪೆ ಮತ್ತೆ ಮತ್ತೆ ನೆನಪಾಗುತ್ತದೆ.

ಬೆಳಗ್ಗೆ ಆರಕ್ಕೇ ಕೆಲಸ ಶುರು. ಹೊತ್ತೇರಿದರೆ ಬಿಸಿಲು ಹೊರಗೆ ನಿಲ್ಲಲು ಬಿಡುವುದಿಲ್ಲ. ಬೋರ್‌ವೆಲ್ ನೀರು ಟ್ಯಾಂಕಿಗೆ, ಟ್ಯಾಂಕಿನಿಂದ ಬೀದಿ ನಲ್ಲಿಗೆ. ನಲ್ಲಿಯ ಮುಂದೆ ಹಳದಿ ಕ್ಯಾನ್‌ಗಳ ಸಾಲು. ಪಂಪ್ ಕೆಟ್ಟ ದಿನ ಆ ಸಾಲಿನಲ್ಲಿ ನಿಂತ ಮಕ್ಕಳು ಶಾಲೆಗೆ ಹೋಗುವುದಿಲ್ಲ, ಅಷ್ಟೇ. ತಾರಾಚ್ ಹೊಳೆ ವರ್ಷದ ಬಹುಪಾಲು ಬರೀ ಮರಳು. ಮಳೆ ಬಿದ್ದರೆ ಒಮ್ಮೆಲೇ ಉಕ್ಕಿ ಮನೆಗಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಸಂಜೆಯಾಗುತ್ತಲೇ ನಾವು ಸಿಬ್ಬಂದಿಯೆಲ್ಲ ಬೇಲಿ ಹಾಕಿದ ಕಾಂಪೌಂಡಿಗೆ ವಾಪಸ್. ಊಟಕ್ಕೆ ಉಗಾಲಿ ಅನ್ನುವ ಮೆಕ್ಕೆಜೋಳದ ಮುದ್ದೆ, ಸುಕುಮಾ ಸೊಪ್ಪು. ರಾಗಿ ಹಿಟ್ಟೂ ಸಿಗುತ್ತದೆ, ಇಲ್ಲಿ ಅದು ವಿಂಬಿ. ರಾಗಿ ನಮ್ಮ ದೇಶಕ್ಕೆ ಬಂದದ್ದೇ ಪೂರ್ವ ಆಫ್ರಿಕಾದಿಂದ ಅಲ್ವಾ!

ಈ ಕ್ಯಾಂಪ್ ಶುರುವಾದದ್ದು 1992ರಲ್ಲಿ, ಸುಡಾನ್ ಯುದ್ಧದಿಂದ ಓಡಿ ಬಂದ ಹುಡುಗರಿಗಾಗಿ. ಆಮೇಲೆ ಸೊಮಾಲಿಯಾ, ಇಥಿಯೋಪಿಯಾ, ಕಾಂಗೊ, ಬುರುಂಡಿಯವರು ಬಂದರು. ಪಕ್ಕದ 'ಕಾಲೊಬೆಯೆ' ನಿರಾಶ್ರಿತರ ವಸತಿಯನ್ನೂ ಸೇರಿಸಿದರೆ ಈಗ 2 ಲಕ್ಷಕ್ಕೂ ಜಾಸ್ತಿ ಜನ. ಇಲ್ಲೇ ಹುಟ್ಟಿ, ಇಲ್ಲೇ ಮದುವೆಯಾಗಿ, ಮಕ್ಕಳನ್ನು ಪಡೆದವರಿದ್ದಾರೆ. ಆದರೂ ಕ್ಯಾಂಪಿನಿಂದ ಆಚೆ ಹೋಗಬೇಕಾದರೆ ಪಾಸ್ ಬೇಕು.

ನನ್ನ ಜೊತೆ ಕೆಲಸ ಮಾಡುವ ಒಬ್ಬ ದಕ್ಷಿಣ ಸುಡಾನಿನ ತರುಣನಿದ್ದಾನೆ. ಡಿಂಕಾ, ಅರಬ್ಬಿ, ಸ್ವಾಹಿಲಿ, ಇಂಗ್ಲಿಷ್ ನಾಲ್ಕೂ ಸಲೀಸು. ಎಲ್ಲಿ ಪೈಪ್ ಸೋರುತ್ತದೆ, ಯಾವ ಬ್ಲಾಕಿನಲ್ಲಿ ನೀರಿಗೆ ಜಗಳವಾಗುತ್ತದೆ, ನನಗಿಂತ ಚೆನ್ನಾಗಿ ಅವನಿಗೆ ಗೊತ್ತು. ಆದರೆ ಅವನು ನಿರಾಶ್ರಿತ. ಹಾಗಾಗಿ ಸಿಗುವುದು ಸಂಬಳವಲ್ಲ, 'ಇನ್ಸೆಂಟಿವ್' ಅನ್ನುವ ಸಣ್ಣ ಮೊತ್ತ. ಅದೇ ಬಿಸಿಲಲ್ಲಿ ಅದೇ ಕೆಲಸ ಮಾಡುವ ಕೆನ್ಯಾದ ಸಿಬ್ಬಂದಿಗೆ ಇದರ ಎಷ್ಟೋ ಪಟ್ಟು ಸಂಬಳ. ನನಗೆ ಇನ್ನೂ ಜಾಸ್ತಿ. ಇದು ತಪ್ಪು. ನಿಯಮ ಹೀಗಿದೆ ಎಂದರೆ ನಿಯಮವನ್ನೇ ಬದಲಿಸಬೇಕು.

ಬೈಲುಕುಪ್ಪೆಯಲ್ಲಿ ಹೀಗಾಗಲಿಲ್ಲ. 1960ರ ದಶಕದ ಆರಂಭದಲ್ಲಿ ಟಿಬೆಟಿನವರು ಬಂದಾಗ ಆಗಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಗೇಣಿಗೆ ಕೊಟ್ಟಿತು. ಕಾಡು ಕಡಿದು, ಆನೆ ಕಾಟ ಸಹಿಸಿ, ಅವರು ಮೆಕ್ಕೆಜೋಳ ಬೆಳೆದರು. ಸಹಕಾರ ಸಂಘ ಕಟ್ಟಿದರು. ಚಳಿಗಾಲದಲ್ಲಿ ಸ್ವೆಟರ್ ಮಾರಲು ಊರೂರು ತಿರುಗಿದರು. ನಮ್ಮವರಿಗೂ ಅವರ ಹೊಲದಲ್ಲಿ ಕೂಲಿ ಸಿಕ್ಕಿತು, ಅಂಗಡಿಗೆ ಗಿರಾಕಿ ಸಿಕ್ಕಿದರು. ನಾವು ಈಗಲೂ ಅದನ್ನು 'ಕ್ಯಾಂಪ್' ಅಂತಲೇ ಕರೆಯುತ್ತೇವೆ, ಆದರೆ ಅಲ್ಲಿ ಯಾರೂ ಪಡಿಗಾಗಿ ಸಾಲು ನಿಲ್ಲುವುದಿಲ್ಲ.

ಭಾರತ ಎಲ್ಲರನ್ನೂ ಹೀಗೆ ನೋಡಿಕೊಂಡಿದೆ ಎಂದು ನಾನು ಹೇಳುತ್ತಿಲ್ಲ. ತಮಿಳುನಾಡಿನ ಕ್ಯಾಂಪುಗಳಲ್ಲಿರುವ ಶ್ರೀಲಂಕಾ ತಮಿಳರಿಗೆ ಈ ಭಾಗ್ಯ ಸಿಗಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿಯನ್ನೂ ಹಾಕಿಲ್ಲ. ಕೆನ್ಯಾ ಅದಕ್ಕೆ ಸೇರಿದೆ. ಆದರೂ ದುಡಿದು ತಿನ್ನುವ ದಾರಿ ಬೈಲುಕುಪ್ಪೆಯಲ್ಲಿ ತೆರೆಯಿತು, ಕಾಕುಮಾದಲ್ಲಿ ಇನ್ನೂ ಅರ್ಧ ಮುಚ್ಚಿಯೇ ಇದೆ.

ಅರ್ಧ ಅಂದೆ, ಯಾಕೆಂದರೆ ಜನ ಸುಮ್ನೆ ಕೂತಿಲ್ಲ. ಸೊಮಾಲಿಗಳ ಅಂಗಡಿಗಳಿವೆ, ಇಥಿಯೋಪಿಯಾದವರ ಹೋಟೆಲುಗಳಿವೆ. 2015ರಿಂದ ಪಡಿಯ ಒಂದು ಪಾಲು ಮೊಬೈಲಿಗೇ ಹಣವಾಗಿ ಬರತೊಡಗಿದ ಮೇಲೆ ವ್ಯಾಪಾರ ಇನ್ನೂ ಹೆಚ್ಚಿತು. ಆದರೆ 2025ರಲ್ಲಿ ಹೊರದೇಶಗಳ ನೆರವು ಕುಸಿದು ಪಡಿ ಕಡಿತವಾದಾಗ ಜನ ಬೀದಿಗಿಳಿದರು. ದೂರದ ದೇಶದವರು ಬಜೆಟ್ ಕತ್ತರಿಸಿದರೆ ಇಲ್ಲಿ ಮಗುವಿನ ತಟ್ಟೆ ಖಾಲಿ. ಮೂವತ್ತು ವರ್ಷ ದಾಟಿದ ಊರಿನ ಬದುಕು ಹೀಗೆ ಬೇರೆಯವರ ಕೈಯಲ್ಲಿರಬಾರದು.

ಇಲ್ಲಿ ಬೈಲುಕುಪ್ಪೆಯ ನಕಲು ಆಗದು. ಅಲ್ಲಿ ಮಳೆ ಇತ್ತು, ಇದು ಬರದ ನೆಲ. ಇದು ತುರ್ಕಾನಾ ಜನ ಆಡು, ಒಂಟೆ ಮೇಯಿಸುವ ನೆಲವೂ ಹೌದು. ಅವರೂ ಬಡವರೇ. ಸೌದೆ, ಇದ್ದಿಲು ಹೊತ್ತು ತಂದು ಕ್ಯಾಂಪಿನಲ್ಲಿ ಮಾರಿ ಹೊಟ್ಟೆ ಹೊರೆಯುವವರು. ಅವರನ್ನು ಕೇಳದೆ ಒಂದು ಎಕರೆಯನ್ನೂ ಯಾರಿಗೂ ಕೊಡಬಾರದು. ಕ್ಯಾಂಪನ್ನೂ ಊರನ್ನೂ ಒಂದಾಗಿ ಬೆಳೆಸುವ 'ಶಿರಿಕಾ' ಯೋಜನೆಗೆ ಕೆನ್ಯಾ 2025ರಲ್ಲಿ ಅಧಿಕೃತ ಚಾಲನೆ ಕೊಟ್ಟಿದೆ. ಅದಕ್ಕೆ ಹಣ ಬರುವ ತನಕ ಕಾಯಬೇಕಾಗಿಲ್ಲ. ಓಡಾಡುವ ಪಾಸು ರದ್ದು ಮಾಡಲು, ಕೆಲಸದ ಪರವಾನಗಿ ಕೊಡಲು, ನನ್ನ ಜೊತೆಯ ತರುಣನಿಗೆ ಸರಿಯಾದ ಸಂಬಳ ಕೊಡಲು ಯಾವ ಹೊಲವೂ ಬೇಕಿಲ್ಲ. ಇವನ್ನು ಮೊದಲು ಮಾಡಲಿ.