ಒಂದೇ ಒಂದು ಪದ ಅಂತೀರಲ್ಲ!

ಇವತ್ತು ನಮ್ಮ ಅಚ್ಚುಕೂಟಕ್ಕೆ ಪುಸ್ತಕ ಕೊಟ್ಟವರಿಂದ ಮತ್ತೆ ಫೋನು: "ಮೂರನೇ ಸಾಲಲ್ಲಿ ಒಂದೇ ಪದ ಬದಲಿಸಿ, ಐದು ನಿಮಿಷದ ಕೆಲಸ!" ಸ್ವಾಮಿ, ಕರಡು ನೋಡಿ ಸಹಿ ಹಾಕಿದ್ದು ನೀವೇ ಅಲ್ವಾ? ಇದು ಕಂಪ್ಯೂಟರಿನಲ್ಲಿ ಮಾಡುವ ಡಿಟಿಪಿ ಅಲ್ಲ, ಒಂದೊಂದೇ ಅಕ್ಷರದ ಸೀಸದ ಅಚ್ಚುಮೊಳೆ ಜೋಡಿಸಿ ಮಾಡುವ ಮುದ್ರಣ. ಚೌಕಟ್ಟಿನಲ್ಲಿ ಬಿಗಿದ ಪುಟ ಬಿಚ್ಚಬೇಕು, ಚಿಮಟದಲ್ಲಿ ಮೊಳೆ ಕೀಳಬೇಕು, ಪದ ಉದ್ದವಾದರೆ ಇಡೀ ಸಾಲಿನ ಸ್ಪೇಸು ಮತ್ತೆ ಹೊಂದಿಸಬೇಕು. 0.918 ಇಂಚು ಎತ್ತರದ ಸೀಸದ ಮೊಳೆ ಕೂದಲೆಳೆಯಷ್ಟು ಸವೆದರೂ ಅಕ್ಷರ ಮಸುಕು. ಕನ್ನಡದ ಒತ್ತಕ್ಷರಗಳ ಮೊಳೆಗಳಂತೂ ತೀರಾ ಚಿಕ್ಕ ಚೂರುಗಳು. ಕೆಳಗೆ ಬಿದ್ದರೆ ಹುಡುಕುವವರು ಯಾರು? ಹೊಸದಾಗಿ ಎರಕ ಹೊಯ್ದು ಕೊಡುವವರು ಎಲ್ಲಿದ್ದಾರೆ? ಇಷ್ಟಾದ ಮೇಲೆ "ಜೆರಾಕ್ಸ್ ಇದಕ್ಕಿಂತ ಅಗ್ಗ" ಅನ್ನೋ ಚೌಕಾಸಿ ಬೇರೆ! ಮುಖಪುಟಕ್ಕೆ ನಾಲ್ಕು ಬಣ್ಣ ಬೇಕಂತೆ. ನಾಲ್ಕು ಬಣ್ಣ ಅಂದರೆ ಪ್ರತಿ ಹಾಳೆಗೂ ನಾಲ್ಕು ಸಲ ಅಚ್ಚು, ಪ್ರತಿ ಸಲವೂ ಶಾಯಿ ಒಣಗಲು ಕಾಯಬೇಕು. ಬಿಡುಗಡೆ ಮಾತ್ರ ಈ ಭಾನುವಾರವೇ ಆಗಬೇಕಂತೆ!