ಎರಡನೇ ಸಲ ಟಿಕೆಟ್ ತಗೊಂಡವರು

ಹಿಂದಿ ಸಿನಿಮಾ ಅಭಿಮಾನಿಗಳಲ್ಲಿ ಎರಡು ಪಂಗಡದವರ ಜೊತೆ ನನಗೆ ಹೊಂದುವುದಿಲ್ಲ. ಒಂದು, ಎಪ್ಪತ್ತರ ದಶಕ ಮುಗಿದ ಮೇಲೆ ಒಳ್ಳೆ ಸಿನಿಮಾನೇ ಬಂದಿಲ್ಲ ಅನ್ನುವವರು. ಇನ್ನೊಂದು, ಶುಕ್ರವಾರ ಸಂಜೆಯಿಂದ ಕಲೆಕ್ಷನ್ ಎಷ್ಟಾಯ್ತು ಅಂತ ಫೋನ್ ಹಿಡಿದು ಕೂರುವವರು. ನಮ್ಮ ಮನೆಯಲ್ಲೇ ಎರಡೂ ಪಾರ್ಟಿ ಇವೆ. ಹುಬ್ಬಳ್ಳಿಯ ನಮ್ಮ ಕಾಕಾ ಮೊದಲನೆಯದು. "ಈಗಿನ ಪಿಕ್ಚರ್‌ನ್ಯಾಗ ಏನೈತೋ ತಮ್ಮಾ? ಬರೇ ಗದ್ಲ" ಅನ್ನುವುದು ಅವರ ಖಾಯಂ ಮಾತು. ಅವರ ಮೊಮ್ಮಗ ಎರಡನೆಯದು. ಸಿನಿಮಾ ಹೇಗಿದೆಯೋ ಅಂತ ಕೇಳಿದರೆ ಮೊದಲ ದಿನ ಇಷ್ಟು ಕೋಟಿ ಅಂತಾನೆ. ಅಲ್ಲಪ್ಪಾ, ನಿನಗೆ ಅದರಲ್ಲಿ ಪಾಲೇನಾದರೂ ಇದೆಯಾ ಅಂತ ಕೇಳಿದರೆ ಸಿಟ್ಟು ಬರುತ್ತದೆ.

ನನ್ನ ಪ್ರಕಾರ ಸಿನಿಮಾವನ್ನು ಉಳಿಸಿದವರು ಈ ಇಬ್ಬರೂ ಅಲ್ಲ. ಅದೇ ಸಿನಿಮಾಕ್ಕೆ ಎರಡನೇ ಸಲ, ಮೂರನೇ ಸಲ ದುಡ್ಡು ಕೊಟ್ಟು ಹೋದವರು. ಸಿನಿಮಾ ವ್ಯಾಪಾರದವರು ರಿಪೀಟ್ ಆಡಿಯನ್ಸ್ ಅಂತಾರಲ್ಲ, ಅವರು.

'ಶೋಲೆ'ಯನ್ನೇ ತಗೊಳ್ಳಿ. ಹೇಗೂ ಅದು ನಮ್ಮ ರಾಮನಗರದ ಸಿನಿಮಾ. 1973ರ ಅಕ್ಟೋಬರ್‌ನಲ್ಲಿ ಅಲ್ಲಿ ಶೂಟಿಂಗ್ ಶುರುವಾಯಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬಂಡೆಗಳ ಬುಡದಲ್ಲಿ ಒಂದು ಇಡೀ ಹಳ್ಳಿ ಕಟ್ಟಿದರು. ಬಿಡುಗಡೆ 1975ರ ಆಗಸ್ಟ್ 15ಕ್ಕೆ. ಈಗ ಕೇಳಿದರೆ ನಗು ಬರುತ್ತದೆ, ಮೊದಲ ದಿನಗಳಲ್ಲಿ ಸಿನಿಮಾ ಬಿತ್ತು ಅಂತಲೇ ಗಾಂಧಿನಗರದ ಥರದ ಮಾತು ಮುಂಬೈ ಮಾರುಕಟ್ಟೆಯಲ್ಲೂ ಓಡಾಡಿತು. ಇಷ್ಟು ಉದ್ದ ಯಾರು ನೋಡ್ತಾರೆ ಅಂದರು. ಗಬ್ಬರ್ ಮಾಡಿದ ಹೊಸ ಹುಡುಗ ಅಮ್ಜದ್ ಖಾನ್‌ಗೆ ವಿಲನ್‌ಗೆ ತಕ್ಕ ಧ್ವನಿಯೇ ಇಲ್ಲ ಅಂದರು. ಆ ಧ್ವನಿ ಇವತ್ತು ಮಿಮಿಕ್ರಿ ಮಾಡುವವರಿಗೆ ಅನ್ನ ಹಾಕುತ್ತಿದೆ!

ಮೊದಲ ವಾರಾಂತ್ಯದಲ್ಲಿ ಅಮಿತಾಭ್ ಮನೆಯಲ್ಲಿ ಒಂದು ಮೀಟಿಂಗ್ ಆಯಿತು. ಅಮಿತಾಭ್ ಮಾಡಿದ ಜೈ ಪಾತ್ರ ಸಾಯೋದು ಜನರಿಗೆ ಹಿಡಿಸಿಲ್ಲ, ಅವನನ್ನು ಬದುಕಿಸಿ ಕ್ಲೈಮ್ಯಾಕ್ಸ್ ಮತ್ತೆ ಶೂಟ್ ಮಾಡೋಣ ಅನ್ನುವ ತನಕ ಮಾತು ಹೋಗಿತ್ತು. ನಿರ್ದೇಶಕ ರಮೇಶ್ ಸಿಪ್ಪಿ ಸೋಮವಾರದವರೆಗೆ ಕಾದು ನೋಡೋಣ ಅಂದರು. ಕಥೆ ಬರೆದ ಸಲೀಂ-ಜಾವೇದ್ ಇನ್ನೂ ಜೋರು. ಪ್ರತಿ ವಿತರಣಾ ಏರಿಯಾದಲ್ಲೂ ಒಂದು ಕೋಟಿ ಮಾಡುತ್ತದೆ ಅಂತ ಪತ್ರಿಕೆಗೆ ಜಾಹೀರಾತೇ ಕೊಟ್ಟರು. ಆಮೇಲೆ ಆಗಿದ್ದು ಇತಿಹಾಸ. ಆದರೆ ಹೇಗೆ ಆಯಿತು ನೋಡಿ. ಮೊದಲು ಹಾಡಿನ ರೆಕಾರ್ಡುಗಳು ಅಂದುಕೊಂಡಷ್ಟು ಹೋಗಲಿಲ್ಲ. ಪಾಲಿಡೋರ್ ಕಂಪನಿಯವರು ಡೈಲಾಗ್‌ಗಳದ್ದೇ ಒಂದು ರೆಕಾರ್ಡ್ ತಂದರು. ಅದು ಮಾರಾಟವಾಯಿತು ನೋಡಿ! ಜನ ಮನೆಯಲ್ಲಿ, ಹೋಟೆಲ್‌ನಲ್ಲಿ ಡೈಲಾಗ್ ಹಾಕಿಕೊಂಡು ಕೇಳಿದರು. ಬಾಯಿಪಾಠವಾಯಿತು. ಬಾಯಿಪಾಠವಾದದ್ದನ್ನು ಒಪ್ಪಿಸಲಿಕ್ಕೆ ಮತ್ತೆ ಥಿಯೇಟರಿಗೆ ಹೋದರು. ಎಷ್ಟು ಜನ ಇದ್ದರು ಅಂತ ಗಬ್ಬರ್ ಕೇಳುವ ಮೊದಲೇ ಗಾಂಧಿಕ್ಲಾಸು ಕೇಳಿ ಮುಗಿಸಿರುತ್ತಿತ್ತು. ಮುಂಬೈನ ಮಿನರ್ವಾದಲ್ಲಿ ಐದು ವರ್ಷ ಓಡಿತು ಅಂದರೆ, ಅಷ್ಟೂ ದಿನ ಹೊಸಬರೇ ಬಂದಿರಲು ಸಾಧ್ಯವಾ?

ಇನ್ನೊಂದು ತಮಾಷೆ ಇದೆ. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಶೋಲೆಗೆ ಸಿಕ್ಕಿದ್ದು ಒಂದೇ ಪ್ರಶಸ್ತಿ, ಸಂಕಲನಕ್ಕೆ, ಎಂ.ಎಸ್. ಶಿಂಧೆ ಅವರಿಗೆ. ಅದೇ ಫಿಲ್ಮ್‌ಫೇರ್ 2005ರಲ್ಲಿ ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಅಂತ ಶೋಲೆಯನ್ನೇ ಕರೆಯಿತು. ನಡುವಿನ ಮೂವತ್ತು ವರ್ಷದಲ್ಲಿ ಸಿನಿಮಾ ಏನೂ ಬದಲಾಗಿರಲಿಲ್ಲ.

ಈಗಲೂ ರಾಮದೇವರ ಬೆಟ್ಟಕ್ಕೆ ಹೋದವರು ಬಂಡೆ ಕಡೆ ತಿರುಗಿ ಒಂದು ಡೈಲಾಗ್ ಹೊಡೆಯದೆ ಬರುವುದಿಲ್ಲ. ಅದು ರಣಹದ್ದುಗಳ ಧಾಮ, ಸ್ವಲ್ಪ ಮೆಲ್ಲಗೆ ಹೊಡೆದರೆ ಒಳ್ಳೆಯದು. ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಆಗಿದೆ, ಆದರೂ ಬೆಟ್ಟ ಮಾತ್ರ ಜನರ ಬಾಯಲ್ಲಿ ಶೋಲೆ ಬೆಟ್ಟವೇ.

ಜನರ ಅಭಿಮಾನ ಒಂದು ಸಿನಿಮಾದ ಕಥೆಯನ್ನೇ ತಿರುಗಿಸಿದ್ದೂ ಇದೆ. ಅದೂ ನಮ್ಮೂರಲ್ಲೇ ಶುರುವಾದದ್ದು. 1982ರ ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ 'ಕೂಲಿ' ಶೂಟಿಂಗ್. ಪುನೀತ್ ಇಸ್ಸಾರ್ ಜೊತೆ ಫೈಟ್ ಮಾಡುವಾಗ ಅಮಿತಾಭ್ ಹೊಟ್ಟೆಗೆ ಪೆಟ್ಟು ಬಿತ್ತು. ಮೊದಲು ಇಲ್ಲಿ ಚಿಕಿತ್ಸೆ, ಆಮೇಲೆ ಮುಂಬೈ. ದೇಶದ ತುಂಬ ಗುಡಿ, ಮಸೀದಿ, ಚರ್ಚುಗಳಲ್ಲಿ ಹರಕೆ ಹೊತ್ತವರು ಎಷ್ಟೋ. ಮೂಲ ಕಥೆಯಲ್ಲಿ ನಾಯಕ ಕೊನೆಗೆ ಸಾಯಬೇಕಿತ್ತು. ಸಾವಿನ ಬಾಯಿಂದ ಎದ್ದು ಬಂದವನನ್ನು ಪರದೆ ಮೇಲೆ ಸಾಯಿಸಲು ನಿರ್ದೇಶಕ ಮನಮೋಹನ್ ದೇಸಾಯಿಗೆ ಧೈರ್ಯ ಬರಲಿಲ್ಲ, ಬದುಕಿಸಿಬಿಟ್ಟರು. ಇನ್ನೂ ಮಜಾ ಅಂದರೆ, ಪೆಟ್ಟು ಬಿದ್ದ ಶಾಟ್ ಬರುತ್ತಿದ್ದಂತೆ ಚಿತ್ರ ನಿಂತುಬಿಡುತ್ತದೆ. ಅಮಿತಾಭ್‌ಗೆ ಗಾಯವಾದದ್ದು ಇಲ್ಲೇ ಅಂತ ಪರದೆ ಮೇಲೆ ಬರಹ ಬರುತ್ತದೆ. ಕಥೆ ಗಿಥೆ ಎಲ್ಲ ಆಮೇಲೆ, ಮೊದಲು ಅಭಿಮಾನಿಗೆ ಜಾಗ ತೋರಿಸೋಣ ಅಂತ! ನನಗಂತೂ ಆ ಬರಹ ಬರುವ ಕ್ಷಣ ಸಿನಿಮಾಗಿಂತ ಜಾಸ್ತಿ ಇಷ್ಟ. ಜೈನನ್ನು ಬದುಕಿಸದೆ ಬಿಟ್ಟದ್ದು ಸರಿ, ಕೂಲಿಯಲ್ಲಿ ಬದುಕಿಸಿದ್ದೂ ಸರಿ.

ಕಾಕಾನ ಪಾರ್ಟಿಗೆ ನಾನು ಕೇಳುವ ಪ್ರಶ್ನೆ ಬೇರೆ. ಆಗಿನ ಜನರಿಗೆ ಅಷ್ಟೊಂದು ಅಭಿರುಚಿ ಇತ್ತು ಅಂತೀರಲ್ಲ, ಗುರುದತ್ ಅವರ 'ಕಾಗಜ್ ಕೆ ಫೂಲ್' ಯಾಕೆ ಬಿತ್ತು?

ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆಯಲ್ಲಿಟ್ಟ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಅವರ ಕ್ಯಾಮೆರಾಮನ್ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಪಿಟೀಲು ಬೇರೆ ಬಾರಿಸುತ್ತಿದ್ದರು. 'ಬಾಜಿ' ಚಿತ್ರದಲ್ಲಿ ಮೂರ್ತಿ ಸಹಾಯಕರಾಗಿದ್ದಾಗ ಕೊಟ್ಟ ಒಂದು ಶಾಟ್‌ನ ಸಲಹೆ ಗುರುದತ್‌ಗೆ ಹಿಡಿಸಿತು. ಅಲ್ಲಿಂದ ಮುಂದೆ ಕೊನೆಯವರೆಗೂ ಜೊತೆ. 1959ರಲ್ಲಿ ಇಬ್ಬರೂ ಸೇರಿ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ, ಚಿತ್ರ ಮಾಡಿದರು. ಅದೇ ಕಾಗಜ್ ಕೆ ಫೂಲ್.

ಅದರಲ್ಲಿ ಗೀತಾ ದತ್ ಹಾಡಿದ ಒಂದು ಹಾಡಿದೆ. ಖಾಲಿ ಸ್ಟುಡಿಯೋ, ಒಂದು ಕಡೆ ವಹೀದಾ ರೆಹಮಾನ್, ಇನ್ನೊಂದು ಕಡೆ ಗುರುದತ್, ನಡುವೆ ಮೇಲಿನಿಂದ ಇಳಿದು ಬರುವ ಬೆಳಕಿನ ಕೋಲು. ಹಾಡು ಗೊತ್ತಿಲ್ಲದವರಿಗೂ ಆ ಬೆಳಕು ಗೊತ್ತು. ಅದು ಸ್ಟುಡಿಯೋ ಲೈಟ್ ಅಲ್ಲ, ನಿಜವಾದ ಬಿಸಿಲು. ಮೂರ್ತಿ ದೊಡ್ಡ ಕನ್ನಡಿಯೊಂದನ್ನು ಹೊರಗೆ ಬಿಸಿಲಿಗೆ ನಿಲ್ಲಿಸಿದರು. ಅದರ ಬೆಳಕನ್ನು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಹೊಡೆಸಿದರು. ಅಲ್ಲಿಂದ ಕೆಳಗೆ ಇಳಿಸಿದರು. ಬೆಳಕಿಗೆ ಆಕಾರ ಬರಲು ಒಂದಿಷ್ಟು ಹೊಗೆ. ಸೂರ್ಯ ಜರುಗಿದಂತೆ ಕನ್ನಡಿಯನ್ನೂ ಜರುಗಿಸಬೇಕು ತಾನೇ? ಕಂಪ್ಯೂಟರ್ ಇಲ್ಲದ ಕಾಲದ ಕೆಲಸ. ಇವತ್ತು ಇದನ್ನು ನೋಡಿ ಬಾಯಿ ಬಿಡುತ್ತೇವೆ.

1959ರ ಜನ ಬಾಯಿ ಬಿಡಲಿಲ್ಲ. ಎದ್ದು ಹೋದರು. ಮೂರ್ತಿಗೆ ಫಿಲ್ಮ್‌ಫೇರ್ ಬಂತು, ಗುರುದತ್‌ಗೆ ನಷ್ಟ ಬಂತು. ಅದಾದ ಮೇಲೆ ನಿರ್ದೇಶಕ ಅಂತ ತಮ್ಮ ಹೆಸರನ್ನು ಅವರು ಯಾವ ಸಿನಿಮಾಕ್ಕೂ ಹಾಕಿಕೊಳ್ಳಲಿಲ್ಲ. 1964ರ ಅಕ್ಟೋಬರ್‌ನಲ್ಲಿ ಹೋಗಿಬಿಟ್ಟರು, ಇನ್ನೂ 39 ವರ್ಷ. ಈ ಸಿನಿಮಾವನ್ನು ಎತ್ತಿ ಹಿಡಿದವರು ಆಮೇಲೆ ಬಂದವರು. ಫಿಲ್ಮ್ ಸೊಸೈಟಿಗಳಲ್ಲಿ ನೋಡಿದವರು, ದೂರದರ್ಶನದಲ್ಲಿ ನೋಡಿದವರು, ಕ್ಯಾಸೆಟ್ ಬಾಡಿಗೆಗೆ ತಂದವರು. ಹಾಗಾಗಿ, ಕಾಕಾ, ಹಳೇ ಸಿನಿಮಾದ ಕೀರ್ತಿಯನ್ನು ಹಳೇ ಪ್ರೇಕ್ಷಕರ ಲೆಕ್ಕಕ್ಕೆ ಹಾಕಬೇಡಿ. ರಾಜ್ ಕಪೂರ್‌ರ 'ಮೇರಾ ನಾಮ್ ಜೋಕರ್' ಕಥೆಯೂ ಇದೇ. ನಾಲ್ಕು ಗಂಟೆ, ಎರಡು ಇಂಟರ್ವಲ್, 1970ರಲ್ಲಿ ನೆಲಕಚ್ಚಿತು. ಸಾಲ ತೀರಿಸಲು 'ಬಾಬಿ' ಮಾಡಬೇಕಾಯಿತು. (ಎರಡು ಇಂಟರ್ವಲ್ ಬಗ್ಗೆ ನನಗೇನೂ ತಕರಾರಿಲ್ಲ. ಬೋಂಡಾ ಎರಡು ಸಲ ಸಿಗುತ್ತದೆ.)

ಮೂರ್ತಿಯವರ ಬಗ್ಗೆ ಇನ್ನೆರಡು ಮಾತು ಹೇಳದೆ ಇರಲಾರೆ. ಅವರು 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪಡೆದಾಗ, ಆ ಗೌರವ ಒಬ್ಬ ಛಾಯಾಗ್ರಾಹಕರಿಗೆ ಸಿಕ್ಕಿದ್ದು ಅದೇ ಮೊದಲು. 2014ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ 'ಹೂವು ಹಣ್ಣು' ಅವರದೇ ಕ್ಯಾಮೆರಾ. ಗುರುದತ್ ಅಂದರೆ ಪ್ರಾಣ ಬಿಡುವ ನಮ್ಮವರಲ್ಲೇ ಎಷ್ಟೋ ಜನ ಈ ಹೆಸರು ಕೇಳಿಲ್ಲ. ಹೀರೋ ಹುಟ್ಟಿದ ಊರು ಗೊತ್ತು, ಬೆಳಕು ಹಿಡಿದವರು ಯಾರಂತ ಗೊತ್ತಿಲ್ಲ.

ಇನ್ನು ಕಾಕಾನ ಮೊಮ್ಮಗನ ಪಾರ್ಟಿಗೆ ಬರೋಣ. 2018ರ ಅಕ್ಟೋಬರ್‌ನಲ್ಲಿ 'ತುಂಬಾಡ್' ಬಂತು. ರಾಹಿ ಅನಿಲ್ ಬರ್ವೆ ಮಳೆಗಾಲಕ್ಕೆ ಕಾದು ಕಾದು ವರ್ಷಗಟ್ಟಲೆ ಶೂಟ್ ಮಾಡಿದ ಸಿನಿಮಾ. ದೊಡ್ಡ ಹೀರೋ ಇಲ್ಲ, ಹಾಡು ಕುಣಿತ ಇಲ್ಲ. ಅದಕ್ಕೂ ಛಾಯಾಗ್ರಹಣದ ಫಿಲ್ಮ್‌ಫೇರ್ ಬಂತು, ದುಡ್ಡು ಮಾತ್ರ ಹೇಳಿಕೊಳ್ಳುವಷ್ಟು ಬರಲಿಲ್ಲ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮೊದಲ ದಿನದ ಲೆಕ್ಕದಲ್ಲಿ ಅದು ಫೇಲ್. ಆಮೇಲೆ ಮನೆಯಲ್ಲಿ ಓಟಿಟಿಯಲ್ಲಿ ನೋಡಿದ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಂಡರು. 2024ರ ಸೆಪ್ಟೆಂಬರ್‌ನಲ್ಲಿ ಮತ್ತೆ ಥಿಯೇಟರಿಗೆ ಬಂದಾಗ ಮೊದಲ ಸಲಕ್ಕಿಂತ ಜಾಸ್ತಿ ದುಡ್ಡು ಮಾಡಿತು. ಅದೇ ವರ್ಷ 'ಲೈಲಾ ಮಜ್ನು', 2025ರಲ್ಲಿ 'ಸನಮ್ ತೇರಿ ಕಸಮ್', ಎರಡೂ ಹೀಗೇ ಎದ್ದು ಕೂತವು. ಎರಡನೆಯದು ನನಗೆ ಅಷ್ಟಕ್ಕಷ್ಟೆ. ಆದರೆ ಅದನ್ನು ನೋಡಲು ಮತ್ತೆ ಬಂದು ಅತ್ತು ಹೋದ ಹುಡುಗ ಹುಡುಗಿಯರನ್ನು ತಮಾಷೆ ಮಾಡಲು ನನಗೆ ಮನಸ್ಸಿಲ್ಲ. 'ಜಾಕಿ', 'ಅಪ್ಪು' ಮತ್ತೆ ಬಿಟ್ಟಾಗ ನಾವು ಹೋಗಲಿಲ್ಲವಾ? ಕಥೆ ಗೊತ್ತಿಲ್ಲ ಅಂತಲಾ ಹೋಗಿದ್ದು?

ಹಾಗಾದರೆ ಇವತ್ತಿನ ಹುಡುಗರು ಹೊಸ ಸಿನಿಮಾಕ್ಕೆ ಬಿಡುಗಡೆಯಾದಾಗಲೇ ಎರಡನೇ ಸಲ ಯಾಕೆ ಹೋಗುವುದಿಲ್ಲ? ಅಭಿಮಾನ ಕಡಿಮೆ ಆಗಿದೆ ಅಂತ ಕಾಕಾ ಹೇಳಬಹುದು. ನಾನು ಟಿಕೆಟ್ ದರ ನೋಡು ಅಂತೀನಿ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗೆ ಶನಿವಾರ ಸಂಜೆ ನಾಲ್ಕು ಜನ ಹೋಗಿ ಪಾಪ್‌ಕಾರ್ನ್ ತಿಂದು ಬಂದರೆ ತಿಂಗಳ ದಿನಸಿ ನೆನಪಾಗುತ್ತದೆ. 2025ರಲ್ಲಿ ನಮ್ಮ ಸರ್ಕಾರ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಇಷ್ಟು ಖರ್ಚಿನಲ್ಲಿ ಒಂದು ಸಲ ನೋಡುವುದೇ ಹಬ್ಬ. ಎರಡನೇ ಸಲಕ್ಕೆ ಎಂಟು ವಾರ ತಡೆದರೆ ಓಟಿಟಿಗೆ ಬರುತ್ತದೆ. ಅಲ್ಲಿ ನೋಡುವುದು ಬೇರೆ ಥರ. ಒಂದು ಕೈಯಲ್ಲಿ ಫೋನ್, ಅರ್ಧಕ್ಕೆ ನಿಲ್ಲಿಸಿ ಊಟ. ಪಕ್ಕದ ಸೀಟಿನ ಅಪರಿಚಿತ ನಿಮಗಿಂತ ಮೊದಲು ಡೈಲಾಗ್ ಹೇಳುವುದಿಲ್ಲ. ಇನ್ನು ಸೋಮವಾರದ ಮಾತು. ಶೋಲೆಯ ಜನ ಸೋಮವಾರದವರೆಗೆ ಕಾಯೋಣ ಅಂದರು. ಈಗ ಸೋಮವಾರ ಬರುವ ಹೊತ್ತಿಗೆ ಹಿಟ್ಟೋ ಫ್ಲಾಪೋ ಪೋಸ್ಟರ್ ಮುದ್ರಣವಾಗಿರುತ್ತದೆ, ಶೋ ಕಿತ್ತಿರುತ್ತಾರೆ. ಅಭಿಮಾನಿ ಬರೋಣ ಅಂದುಕೊಳ್ಳುವಷ್ಟರಲ್ಲಿ ಸಿನಿಮಾನೇ ಇರುವುದಿಲ್ಲ.

ಅದಕ್ಕೇ ಮುಂಬೈನ ಮರಾಠಾ ಮಂದಿರ ನನಗೆ ಇಷ್ಟ. 1995ರ ಅಕ್ಟೋಬರ್‌ನಲ್ಲಿ ಹಾಕಿದ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' 2014ರ ಡಿಸೆಂಬರ್‌ಗೆ ಸಾವಿರ ವಾರ ದಾಟಿತು. ಬರೀ ಶಾರುಖ್-ಕಾಜೋಲ್ ಮಹಿಮೆ ಅಂತ ಜನ ಅಂದುಕೊಂಡಿದ್ದಾರೆ. ಥಿಯೇಟರ್ ಎಲ್ಲಿದೆ ನೋಡಿ. ಎದುರಿಗೇ ಮುಂಬೈ ಸೆಂಟ್ರಲ್ ಬಸ್ ನಿಲ್ದಾಣ, ಪಕ್ಕದಲ್ಲೇ ರೈಲ್ವೆ ನಿಲ್ದಾಣ. ಬೆಳಗ್ಗೆ 11.30ರ ಆಟ, ಟಿಕೆಟ್ ಬಹಳ ಅಗ್ಗ. ಗಾಡಿಗೆ ಕಾಯುವವರು ಒಳಗೆ ಹೋಗುತ್ತಾರೆ, ಕೆಲಸ ಹುಡುಕಿ ಊರು ಬಿಟ್ಟು ಬಂದವರು ಹೋಗುತ್ತಾರೆ, ಕಾಲೇಜಿಗೆ ಚಕ್ಕರ್ ಹಾಕಿದವರು ಹೋಗುತ್ತಾರೆ. ಪ್ರೀತಿ ಇದ್ದರೂ ಸೀಟು ಕೈಗೆಟುಕುವ ಬೆಲೆಗೆ ಸಿಗಬೇಕಲ್ಲ. 2024ರಲ್ಲಿ ರಾಜ್ ಕಪೂರ್ ನೂರು ವರ್ಷಕ್ಕೆ ಹಳೇ ಚಿತ್ರಗಳನ್ನು ನೂರು ರೂಪಾಯಿ ಟಿಕೆಟ್‌ಗೆ ಹಾಕಿದ್ದರಲ್ಲ, ಅದು ಸರಿಯಾದ ಯೋಚನೆ.

ಗುರುದತ್ ನೂರು ವರ್ಷಕ್ಕೂ 2025ರ ಆಗಸ್ಟ್‌ನಲ್ಲಿ ಅವರ ಚಿತ್ರಗಳು ದೇಶದ ಥಿಯೇಟರುಗಳಿಗೆ ಬಂದವು. ಆದರೆ ಮೂರೇ ದಿನ, ಶುಕ್ರವಾರದಿಂದ ಭಾನುವಾರ. ಮೊದಲ ಸಲ ನೋಡಿದವನು ಗೆಳೆಯನಿಗೆ ಹೇಳಿ, ಗೆಳೆಯ ಹೂಂ ಅಂದು, ಇಬ್ಬರೂ ಹೊರಡುವಷ್ಟರಲ್ಲಿ ಮುಗಿದಿತ್ತು.

ಬೆಂಗಳೂರಿನಲ್ಲಿ ಇನ್ನೂ ಕೆಲವು ಹಳೇ ಥಿಯೇಟರುಗಳು ನಿಂತಿವೆ. ಅವುಗಳಲ್ಲಿ ಒಂದೇ ಒಂದು, ಮೆಟ್ರೋ ನಿಲ್ದಾಣದ ಹತ್ತಿರದ್ದು ಯಾವುದಾದರೂ ಸರಿ, ಬೆಳಗಿನ ಆಟವನ್ನು ಇದಕ್ಕೇ ಅಂತ ಬಿಟ್ಟುಕೊಡಲಿ. ಟಿಕೆಟ್ ಅರವತ್ತು ರೂಪಾಯಿ ಇಡಲಿ. ಒಂದು ವಾರ ಕಾಗಜ್ ಕೆ ಫೂಲ್, ಒಂದು ವಾರ ತುಂಬಾಡ್, ಒಂದು ವಾರ ಹೂವು ಹಣ್ಣು. ಜನ ಬರಲಿಲ್ಲ ಅಂತ ಸೋಮವಾರಕ್ಕೇ ಕಿತ್ತು ಹಾಕಬಾರದು, ಅದೊಂದೇ ಷರತ್ತು. ಕಾಕಾನನ್ನೂ ಅವರ ಮೊಮ್ಮಗನನ್ನೂ ಒಟ್ಟಿಗೆ ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಪಕ್ಕಪಕ್ಕ ಮಾತ್ರ ಕೂರಿಸುವುದಿಲ್ಲ.